ಓದುಗರ ಪ್ರಶ್ನೆ, ನಮ್ಮ ಉತ್ತರ: ಲಂಡನ್ನಿನಲ್ಲಿ ಓಡಾಡುವುದು ಹೇಗೆ?

ಮಕ್ಕಳನ್ನು ನೋಡಲು, ರಜೆ ಕಳೆಯಲು ಲಂಡನ್ನಿಗೆ ಹೊರಟವರಿಂದ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಇಲ್ಲಿ ಕೊಟ್ಟಿರುವ ದರಗಳು 2025ರ ಮಾರ್ಚ್‌ನಲ್ಲಿ ಜಾರಿಯಲ್ಲಿದ್ದವು, ಈಗ ಬದಲಾಗಿರಬಹುದು. ಅಲ್ಲಿ ದರ ಬದಲಾಗುವುದು ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲೇ. ಆದ್ದರಿಂದ ಹೊರಡುವ ಮುನ್ನ ಟಿಎಫ್‌ಎಲ್, ಅಂದರೆ ಲಂಡನ್ ಸಾರಿಗೆ ಸಂಸ್ಥೆಯ ಜಾಲತಾಣ ಒಮ್ಮೆ ನೋಡಿಕೊಳ್ಳಿ. ನಿಲ್ದಾಣಗಳ ಹೆಸರನ್ನು ಅಲ್ಲಿನವರು ಉಚ್ಚರಿಸುವಂತೆಯೇ ಬರೆದಿದ್ದೇವೆ. ಫಲಕದ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿ 'ಲೈಸೆಸ್ಟರ್', 'ಗ್ರೀನ್‌ವಿಚ್' ಎಂದು ದಾರಿ ಕೇಳಿದರೆ ಎದುರಿನವರಿಗೆ ಅರ್ಥವಾಗುವುದು ಕಷ್ಟ. ಅವು ಲೆಸ್ಟರ್, ಗ್ರೆನಿಚ್. ಹಾಗೆಯೇ ಹೋಬನ್ (Holborn), ಸದರ್ಕ್ (Southwark), ಗ್ಲಾಸ್ಟರ್ ರೋಡ್ (Gloucester Road).

ಪ್ರಶ್ನೆ: ಗಂಡ-ಹೆಂಡತಿ ಇಬ್ಬರೇ ಹೊರಟಿದ್ದೇವೆ. ಹೀಥ್ರೋದಲ್ಲಿ ಇಳಿದು ವಿಕ್ಟೋರಿಯಾ ಹತ್ತಿರದ ಹೋಟೆಲಿಗೆ ಹೋಗಬೇಕು. ಎರಡು ದೊಡ್ಡ ಸೂಟ್‌ಕೇಸ್ ಇವೆ. ರೈಲಿನಲ್ಲಿ ಹೋಗಬಹುದೇ, ಟ್ಯಾಕ್ಸಿಯೇ ಆಗಬೇಕೇ? — ಹುಬ್ಬಳ್ಳಿಯಿಂದ

ಧಾರಾಳವಾಗಿ ರೈಲಿನಲ್ಲಿ ಹೋಗಿ. ಹೀಥ್ರೋದಿಂದ ಊರೊಳಗೆ ಮೂರು ಬಗೆಯ ರೈಲುಗಳಿವೆ. ವಿಮಾನ ನಿಲ್ದಾಣದಲ್ಲಿ ಎಲ್ಲಕ್ಕಿಂತ ಎದ್ದು ಕಾಣುವ ಫಲಕ ಹೀಥ್ರೋ ಎಕ್ಸ್‌ಪ್ರೆಸ್‌ನದು. ಅದು 15 ನಿಮಿಷದಲ್ಲಿ ಪ್ಯಾಡಿಂಗ್ಟನ್ ಮುಟ್ಟಿಸುತ್ತದೆ ನಿಜ, ಆದರೆ ಅಲ್ಲೇ ಟಿಕೆಟ್ ಕೊಂಡರೆ ತಲೆಗೆ 25 ಪೌಂಡ್. ಪ್ಯಾಡಿಂಗ್ಟನ್‌ನಿಂದ ಮುಂದಕ್ಕೆ ಮತ್ತೆ ಬೇರೆ ಟಿಕೆಟ್. ನೇರಳೆ ಬಣ್ಣದ ಎಲಿಜಬೆತ್ ಲೈನ್ 13.90 ಪೌಂಡಿಗೆ ಊರ ನಡುವಿನವರೆಗೂ ಒಯ್ಯುತ್ತದೆ. ಕಡುನೀಲಿ ಬಣ್ಣದ ಪಿಕ್ಯಾಡಿಲಿ ಲೈನ್‌ಗೆ 5.80 ಪೌಂಡ್ ಮಾತ್ರ. ನಡುಲಂಡನ್ನಿಗೆ ಸುಮಾರು 50 ನಿಮಿಷ.

ನೀವು ಪಿಕ್ಯಾಡಿಲಿ ಹಿಡಿಯಿರಿ. ರೈಲು ಅಲ್ಲಿಂದಲೇ ಹೊರಡುವುದರಿಂದ ಕೂರಲು ಜಾಗ ಸಿಗುತ್ತದೆ. ಬಹಳ ಜನ ಊರ ನಡುವಿನವರೆಗೂ ಅದರಲ್ಲೇ ಹೋಗಿ, ಗ್ರೀನ್ ಪಾರ್ಕಿನಲ್ಲಿ ಇಳಿದು, ಉದ್ದನೆಯ ಸುರಂಗದ ದಾರಿಯಲ್ಲಿ ಸಾಮಾನು ಎಳೆದುಕೊಂಡು ವಿಕ್ಟೋರಿಯಾ ಲೈನ್ ಹುಡುಕುತ್ತಾರೆ. ಅಷ್ಟು ಕಷ್ಟ ಬೇಡ. ಹೀಥ್ರೋ ಬಿಟ್ಟು ಅರ್ಧ ಗಂಟೆ ಮೀರಿದ ಮೇಲೆ ಹ್ಯಾಮರ್‌ಸ್ಮಿತ್ ಬರುತ್ತದೆ, ಅಲ್ಲಿ ಇಳಿದುಬಿಡಿ. ಅದೇ ಪ್ಲಾಟ್‌ಫಾರ್ಮಿನ ಇನ್ನೊಂದು ಬದಿಗೆ ಹಸಿರು ಬಣ್ಣದ ಡಿಸ್ಟ್ರಿಕ್ಟ್ ಲೈನ್ ರೈಲು ಬರುತ್ತದೆ. ಒಂದೂ ಮೆಟ್ಟಿಲಿಲ್ಲ, ನಾಲ್ಕು ಹೆಜ್ಜೆ ಅಷ್ಟೇ. ಪೂರ್ವ ದಿಕ್ಕಿನ ಆ ರೈಲು ನೇರ ವಿಕ್ಟೋರಿಯಾಕ್ಕೆ ಬಿಡುತ್ತದೆ, ಅಲ್ಲಿ ರಸ್ತೆಯವರೆಗೆ ಲಿಫ್ಟ್ ಇದೆ. ಒಂದೇ ಪ್ರಯಾಣವಾದ್ದರಿಂದ ದರವೂ ಹೆಚ್ಚುವುದಿಲ್ಲ. ವಾರದ ದಿನ ಬೆಳಿಗ್ಗೆ 7.30ರಿಂದ 9.30ರ ಒಳಗೆ ಇಳಿಯುವವರಿಗೆ ಮಾತ್ರ ಒಂದು ಮಾತು: ಆ ಹೊತ್ತಿನಲ್ಲಿ ಊರ ನಡುವೆ ರೈಲು ಬದಲಿಸುವುದು ದೊಡ್ಡ ಸಾಮಾನಿದ್ದವರಿಗೆ ಶಿಕ್ಷೆ. ವಿಮಾನ ನಿಲ್ದಾಣದಲ್ಲೇ ಕಾಫಿ ಕುಡಿದು ಒಂದು ಗಂಟೆ ತಡವಾಗಿ ಹೊರಡುವುದು ಒಳ್ಳೆಯದು.

ಪ್ರಶ್ನೆ: ಹಣ ತುಂಬಿ ಬಳಸುವ ಅಲ್ಲಿನ ಆಯ್‌ಸ್ಟರ್ ಕಾರ್ಡ್ ಕೊಳ್ಳಲೇಬೇಕೇ? ನಮ್ಮ ಬ್ಯಾಂಕ್ ಕಾರ್ಡ್ ಅಲ್ಲಿನ ಗೇಟಿನಲ್ಲಿ ನಡೆಯುತ್ತದೆಯೇ? — ಮೈಸೂರಿನಿಂದ

ವೀಸಾ, ಮಾಸ್ಟರ್‌ಕಾರ್ಡ್ ಅಥವಾ ಅಮೆರಿಕನ್ ಎಕ್ಸ್‌ಪ್ರೆಸ್ ಗುರುತಿರುವ, ಮುಟ್ಟಿಸಿ ಹಣ ಕೊಡುವ ಸೌಲಭ್ಯವಿರುವ ಕಾರ್ಡಾದರೆ ಅದೇ ಸಾಕು. ಆಯ್‌ಸ್ಟರ್ ಕಾರ್ಡಿಗೆ ತೆರುವ ಬೆಲೆ ವಾಪಸ್ ಬರುವುದಿಲ್ಲ. ರುಪೇ ಕಾರ್ಡ್, ಯುಪಿಐ ಎರಡೂ ಆ ಗೇಟುಗಳಲ್ಲಿ ನಡೆಯುವುದಿಲ್ಲ.

ನಮ್ಮವರಿಗೆ ತೊಂದರೆ ಶುರುವಾಗುವುದು ಊರಲ್ಲೇ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ ಎಂಬ ಸ್ವಿಚ್ಚನ್ನು ಆನ್ ಮಾಡಬೇಕು. ಅದರೊಳಗೆ ಮುಟ್ಟಿಸಿ ಕೊಡುವ ಬಳಕೆಗೆ ಇನ್ನೊಂದು ಸ್ವಿಚ್ ಇರುತ್ತದೆ, ಹಲವರು ಮರೆಯುವುದು ಅದನ್ನೇ. ಅಂಗಡಿಯಲ್ಲಿ ಪಿನ್ ಹಾಕಿದಾಗ ನಡೆದ ಕಾರ್ಡ್ ಗೇಟಿನಲ್ಲಿ ಕೆಂಪು ದೀಪ ತೋರಿಸಿದರೆ ಮೊದಲು ನೋಡಬೇಕಾದದ್ದು ಅಲ್ಲೇ.

ಇನ್ನೊಂದು ಕಾರಣವೂ ಉಂಟು. ಗೇಟು ತೆರೆದ ಕ್ಷಣದಲ್ಲಿ ಪೂರ್ತಿ ದರ ಕಡಿತವಾಗುವುದಿಲ್ಲ. ದಿನದ ಓಡಾಟವನ್ನೆಲ್ಲ ಕೂಡಿಸಿ ರಾತ್ರಿ ಒಂದೇ ಮೊತ್ತವಾಗಿ ಬ್ಯಾಂಕಿಗೆ ಕಳಿಸುತ್ತಾರೆ. ಫಾರೆಕ್ಸ್ ಕಾರ್ಡಿನಲ್ಲಿ ಹಣ ಮುಗಿದಿದ್ದರೆ ಅಥವಾ ಬ್ಯಾಂಕ್ ತಡೆದರೆ ಆ ಮೊತ್ತ ಬಾಕಿ ಉಳಿಯುತ್ತದೆ, ಮರುದಿನ ಬೆಳಿಗ್ಗೆ ಆ ಕಾರ್ಡಿಗೆ ಯಾವ ಗೇಟೂ ತೆರೆಯುವುದಿಲ್ಲ. ಆಮೇಲೆ ಹಣ ತುಂಬಿದರಷ್ಟೇ ಸಾಲದು, ಟಿಎಫ್‌ಎಲ್ ಜಾಲತಾಣದಲ್ಲಿ ಆ ಬಾಕಿಯನ್ನು ತೀರಿಸಬೇಕು. ಹಾಗಾಗಿ ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡ್ ಕೈಲಿರಲಿ. ಕ್ರೆಡಿಟ್ ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಕೆಲವು ಬ್ಯಾಂಕುಗಳಲ್ಲಿ ಶೇ 3.5ರವರೆಗೆ ಇದೆ, ಅದರ ಮೇಲೆ ಜಿಎಸ್‌ಟಿ ಬೇರೆ. ಶುಲ್ಕ ಕಡಿಮೆಯಿರುವ ಕಾರ್ಡನ್ನೇ ಓಡಾಟಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ಕಳೆದ ವರ್ಷ ಹೋಗಿ ಬಂದೆವು. ದಿನಕ್ಕೆ ಇಷ್ಟೇ ಎಂಬ ಮಿತಿ ಇದೆ ಎಂದು ಕೇಳಿದ್ದೆವು. ಆದರೂ ಎರಡು ದಿನ ಅದಕ್ಕಿಂತ ಹೆಚ್ಚು ಹಣ ಹೋಯಿತು. ಒಂದು ದಿನ ಗ್ರೆನಿಚ್‌ಗೆ ಹೋಗಿದ್ದೆವು, ಇನ್ನೊಂದು ದಿನ ಊರೊಳಗೇ ಇದ್ದೆವು. ತಪ್ಪು ಎಲ್ಲಾಯಿತು? — ದಾವಣಗೆರೆಯಿಂದ

ಮಿತಿ ಇರುವುದು ನಿಜ. ಲಂಡನ್ನನ್ನು ಈರುಳ್ಳಿಯ ಪದರಗಳ ಹಾಗೆ ವಲಯಗಳಾಗಿ ವಿಂಗಡಿಸಿದ್ದಾರೆ. ನಟ್ಟನಡುವೆ 1ನೇ ವಲಯ, ಹೀಥ್ರೋ 6ರಲ್ಲಿ. 1 ಮತ್ತು 2ನೇ ವಲಯದೊಳಗೆ ದಿನಕ್ಕೆ ಎಷ್ಟು ಸಲ ಹತ್ತಿ ಇಳಿದರೂ 8.90 ಪೌಂಡ್ ಮೀರದು. 6ನೇ ವಲಯದವರೆಗಾದರೆ 16.30. ಈ ಲೆಕ್ಕದ ದಿನ ಶುರುವಾಗುವುದು ನಸುಕಿನ 4.30ಕ್ಕೆ.

ಆದರೆ ಮಿತಿ ಅನ್ವಯವಾಗುವುದು ಒಂದು ಕಾರ್ಡಿಗೆ, ಮನುಷ್ಯನಿಗಲ್ಲ. ಬೆಳಿಗ್ಗೆ ಕಾರ್ಡ್ ಮುಟ್ಟಿಸಿ ಒಳಗೆ ಹೋಗಿ, ಇಳಿದಾಗ ಅದೇ ಕಾರ್ಡನ್ನು ಸೇರಿಸಿದ್ದ ಫೋನ್ ಅಥವಾ ಕೈಗಡಿಯಾರ ಮುಟ್ಟಿಸಿ ಹೊರಬಂದರೆ ಯಂತ್ರದ ಪಾಲಿಗೆ ಅವು ಎರಡು ಬೇರೆ ಕಾರ್ಡುಗಳು. ಒಂದು ಒಳಗೆ ಹೋಗಿ ಹೊರಬರಲೇ ಇಲ್ಲ, ಇನ್ನೊಂದು ಒಳಗೆ ಹೋಗದೆಯೇ ಹೊರಬಂತು. ಎರಡಕ್ಕೂ ಅಪೂರ್ಣ ಪ್ರಯಾಣದ ಗರಿಷ್ಠ ದರ ಬೀಳುತ್ತದೆ, ಅದು ಮಿತಿಯ ಲೆಕ್ಕದೊಳಗೆ ಬರುವುದಿಲ್ಲ. ಪರ್ಸನ್ನೇ ಪೂರ್ತಿಯಾಗಿ ಯಂತ್ರದ ಮೇಲಿಟ್ಟರೂ ಇದೇ ಗತಿ: ಒಳಗಿರುವ ಕಾರ್ಡುಗಳಲ್ಲಿ ಯಾವುದನ್ನು ಓದಿತೋ ಅದರಿಂದ ಹಣ ಹೋಗುತ್ತದೆ. ಕಾರ್ಡನ್ನು ಹೊರಗೆ ತೆಗೆದೇ ಮುಟ್ಟಿಸಿ. ಗಂಡ-ಹೆಂಡತಿ ಒಂದೇ ಕಾರ್ಡಿನಲ್ಲಿ ಹೋಗುವಂತಿಲ್ಲ, ತಲೆಗೊಂದು ಬೇಕು. ಊರೊಳಗಿದ್ದ ದಿನ ನಿಮಗೆ ಆದದ್ದು ಇವುಗಳಲ್ಲಿ ಒಂದು.

ಗ್ರೆನಿಚ್ ದಿನದ ಕಾರಣ ಬೇರೆ ಇರಬೇಕು. ಅಲ್ಲಿಗೆ ಒಯ್ಯುವುದು ಡಿಎಲ್‌ಆರ್, 1987ರಲ್ಲಿ ಶುರುವಾದ ಚಾಲಕನಿಲ್ಲದ ಪುಟ್ಟ ರೈಲು. ನಮ್ಮ ಮೆಟ್ರೋದಲ್ಲಿ ಎರಡೂ ಕಡೆ ಗೇಟು ಅಡ್ಡ ಬರುತ್ತದೆ, ಮರೆಯೋಣವೆಂದರೂ ಆಗದು. ಡಿಎಲ್‌ಆರ್‌ನ ಬಹುತೇಕ ನಿಲ್ದಾಣಗಳಲ್ಲಿ ಗೇಟೇ ಇಲ್ಲ. ಮೆಟ್ಟಿಲ ಬಳಿ, ಲಿಫ್ಟಿನ ಪಕ್ಕ ಸೊಂಟದೆತ್ತರದ ಒಂದು ಕಂಬ, ಅದರ ತಲೆಯ ಮೇಲೆ ಹಳದಿ ಬಣ್ಣದ ದುಂಡನೆಯ ಓದುಗಯಂತ್ರ. ಜನರ ಹಿಂದೆ ಮಾತಾಡುತ್ತ ನಡೆದರೆ ಕಣ್ಣಿಗೆ ಬೀಳುವುದೇ ಇಲ್ಲ. ಬ್ಯಾಂಕ್ ನಿಲ್ದಾಣದ ಗೇಟಿನಲ್ಲಿ ಮುಟ್ಟಿಸಿ ಒಳಗೆ ಹೋದವರು ಗ್ರೆನಿಚ್‌ನಲ್ಲಿ ಮುಟ್ಟಿಸದೆ ಹೊರಬಂದಿರುತ್ತಾರೆ, ಸಂಜೆ ಹಿಂದಿರುಗುವಾಗಲೂ ಮುಟ್ಟಿಸದೆ ಹತ್ತಿರುತ್ತಾರೆ. ಎರಡು ಅಪೂರ್ಣ ಪ್ರಯಾಣ ಆಯಿತಲ್ಲ! ಹತ್ತುವಾಗ ಮುಟ್ಟಿಸದೆ ತಪಾಸಣೆಗೆ ಸಿಕ್ಕಿಬಿದ್ದರೆ ದಂಡ 100 ಪೌಂಡ್, 21 ದಿನದೊಳಗೆ ಕಟ್ಟಿದರೆ 50.

ಹೋದ ಹಣವೆಲ್ಲ ಹೋದಂತೆಯೇ ಅಲ್ಲ. ಟಿಎಫ್‌ಎಲ್ ಜಾಲತಾಣದಲ್ಲಿ ಖಾತೆ ತೆರೆದು ಕಾರ್ಡನ್ನು ಸೇರಿಸಿದರೆ ಪ್ರತಿ ಪ್ರಯಾಣದ ಹೊತ್ತು, ನಿಲ್ದಾಣ, ದರ ಕಾಣುತ್ತದೆ. ಅಪೂರ್ಣ ಎಂದು ತೋರಿಸಿದ ಸಾಲಿನಲ್ಲಿ ಎಲ್ಲಿ ಇಳಿದಿರೆಂದು ತುಂಬಿ ಮರುಪಾವತಿ ಕೇಳಬಹುದು. ಅಲ್ಲಿರುವಾಗಲೇ ದಿನವೂ ರಾತ್ರಿ ನೋಡುವುದು ಉತ್ತಮ.

ಪ್ರಶ್ನೆ: ಒಂದು ವಾರ ಇರುತ್ತೇವೆ, ಗುರುವಾರ ಇಳಿಯುತ್ತೇವೆ. ವಾರದ ಮಿತಿಯೂ ಇದೆಯಂತೆ? — ಬೆಂಗಳೂರಿನಿಂದ

ಇದೆ. 1-2ನೇ ವಲಯಕ್ಕೆ 44.70 ಪೌಂಡ್. ಆದರೆ ಆ ವಾರ ಸೋಮವಾರದಿಂದ ಭಾನುವಾರದವರೆಗೆ ಮಾತ್ರ. ಗುರುವಾರ ಇಳಿದು ಬುಧವಾರ ಹೊರಡುವ ನಿಮಗೆ ಮೊದಲ ವಾರದಲ್ಲಿ ನಾಲ್ಕು ದಿನ, ಎರಡನೆಯದರಲ್ಲಿ ಮೂರು ದಿನ ಬೀಳುತ್ತವೆ. ದಿನದ ಮಿತಿಯನ್ನು ಐದು ದಿನ ಮುಟ್ಟಿದರೂ 44.50, ಆದ್ದರಿಂದ ಎರಡೂ ವಾರಗಳಲ್ಲಿ ನೀವು ವಾರದ ಮಿತಿಯ ಹತ್ತಿರ ಸುಳಿಯುವುದಿಲ್ಲ. ಪ್ರತಿ ದಿನ ನಾಲ್ಕೈದು ಸಲ ಸುರಂಗ ರೈಲು ಹತ್ತುವ ಯೋಚನೆ ಇದ್ದರೆ ಆಯ್‌ಸ್ಟರ್ ಕೊಂಡು ಅದಕ್ಕೆ ಏಳು ದಿನದ ಟ್ರಾವೆಲ್‌ಕಾರ್ಡ್ ಎಂಬ ಪಾಸ್ ಹಾಕಿಸಿ. ಅದರ ಬೆಲೆಯೂ 44.70, ಯಾವ ದಿನದಿಂದ ಬೇಕಾದರೂ ಏಳು ದಿನ ನಡೆಯುತ್ತದೆ. ದಿನಕ್ಕೆ ಎರಡು ಸಲ ಹತ್ತಿ ಉಳಿದದ್ದು ನಡೆಯುವವರಿಗೆ ಬ್ಯಾಂಕ್ ಕಾರ್ಡೇ ಅಗ್ಗ. ಕಾಗದದ ಒಂಟಿ ಟಿಕೆಟ್ ಮಾತ್ರ ಯಾರೂ ಕೊಳ್ಳಬೇಡಿ, ಊರೊಳಗೆ ಅದಕ್ಕೆ ಎರಡು ಪಟ್ಟಿಗೂ ಮೀರಿದ ಬೆಲೆ.

ಪ್ರಶ್ನೆ: ಮಕ್ಕಳಿಗೆ 8 ಮತ್ತು 13 ವರ್ಷ. ಅವರಿಗೆ? — ಮಂಗಳೂರಿನಿಂದ

ಎಂಟರವನಿಗೆ ಸುರಂಗ ರೈಲು, ಬಸ್ಸು, ಡಿಎಲ್‌ಆರ್ ಎಲ್ಲ ಉಚಿತ. 11 ವರ್ಷ ತುಂಬದ ನಾಲ್ಕು ಮಕ್ಕಳವರೆಗೆ ಒಬ್ಬ ದೊಡ್ಡವರ ಜೊತೆ ಹೋಗಬಹುದು, ಅಗಲದ ಗೇಟಿನಲ್ಲಿ ಒಟ್ಟಿಗೆ ದಾಟಿಸಿ. 13ರವನಿಗೆ ಒಂದು ಆಯ್‌ಸ್ಟರ್ ಕೊಂಡು, ಹುಡುಗನನ್ನು ಜೊತೆಯಲ್ಲೇ ನಿಲ್ಲಿಸಿಕೊಂಡು, ಹೀಥ್ರೋ ನಿಲ್ದಾಣದ ಸಿಬ್ಬಂದಿಗೆ 'ಯಂಗ್ ವಿಸಿಟರ್' ರಿಯಾಯಿತಿ ಹಾಕಿಕೊಡಿ ಎನ್ನಿ. 11ರಿಂದ 15 ವರ್ಷದವರಿಗೆ 14 ದಿನದವರೆಗೆ ಅರ್ಧ ದರ. ನೀವಾಗಿ ಕೇಳದಿದ್ದರೆ ದೊಡ್ಡವರ ದರವೇ ಬೀಳುತ್ತದೆ.

ಪ್ರಶ್ನೆ: ತಾಯಿಯವರಿಗೆ ಎಪ್ಪತ್ತೆರಡು, ಮೊಣಕಾಲು ನೋವು. ಸುರಂಗ ರೈಲಿನಲ್ಲಿ ಮೆಟ್ಟಿಲು ಬಹಳ ಎನ್ನುತ್ತಾರೆ. ಅವರನ್ನು ಕರೆದುಕೊಂಡು ಓಡಾಡಲು ಆಗುತ್ತದೆಯೇ? — ಶಿವಮೊಗ್ಗದಿಂದ

ಆಗುತ್ತದೆ, ದಾರಿಯನ್ನು ಮೊದಲೇ ಆರಿಸಿಕೊಂಡರೆ. ಲಂಡನ್ನಿನ ಸುರಂಗ ರೈಲು ಶುರುವಾದದ್ದು 1863ರ ಜನವರಿಯಲ್ಲಿ. ಲಿಫ್ಟಿನ ಯೋಚನೆಯೇ ಇಲ್ಲದ ಕಾಲದ ನಿಲ್ದಾಣಗಳು ಹಲವಿವೆ, ಅವಕ್ಕೆ ಈಗ ಲಿಫ್ಟ್ ಕೂರಿಸುವುದು ಸುಲಭದ ಕೆಲಸವಲ್ಲ. ನಕ್ಷೆಯಲ್ಲಿ ಗಾಲಿಕುರ್ಚಿಯ ಗುರುತು ನೋಡಿ. ನೀಲಿ ವೃತ್ತದಲ್ಲಿ ಬಿಳಿ ಕುರ್ಚಿ ಇದ್ದರೆ ರಸ್ತೆಯಿಂದ ರೈಲಿನೊಳಗಿನವರೆಗೂ ಮೆಟ್ಟಿಲಿಲ್ಲ. ಬಿಳಿ ವೃತ್ತದಲ್ಲಿ ನೀಲಿ ಕುರ್ಚಿ ಇದ್ದರೆ ಪ್ಲಾಟ್‌ಫಾರ್ಮಿನವರೆಗೆ ಮಾತ್ರ, ರೈಲು ಹತ್ತುವಲ್ಲಿ ಎತ್ತರ ಅಥವಾ ಸಂದು ಇರುತ್ತದೆ.

ತಾಯಿಯವರಿಗೆ ನೆಮ್ಮದಿ ಎಲಿಜಬೆತ್ ಲೈನ್. ನಡುಊರಿನ ಅದರ ನಿಲ್ದಾಣಗಳಲ್ಲೆಲ್ಲ ಲಿಫ್ಟ್ ಇದೆ. ಒಂದು ಎಚ್ಚರ: ಆ ರೈಲು 200 ಮೀಟರಿಗೂ ಉದ್ದ. ಫಾರಿಂಗ್ಡನ್ ನಿಲ್ದಾಣದ ಇನ್ನೊಂದು ತುದಿ ಬಾರ್ಬಿಕನ್‌ಗೆ ತಗಲುತ್ತದೆ, ಲಿವರ್‌ಪೂಲ್ ಸ್ಟ್ರೀಟಿನದು ಮೂರ್‌ಗೇಟಿಗೆ. ತಪ್ಪು ತುದಿಯ ಬೋಗಿಯಲ್ಲಿ ಇಳಿದರೆ ನೆಲದಡಿಯಲ್ಲೇ ಅಷ್ಟೂ ದೂರ ನಡೆಯಬೇಕು, ಯಾವ ದ್ವಾರ ಬೇಕೆಂದು ಹತ್ತುವ ಮುನ್ನ ನೋಡಿಕೊಳ್ಳಿ. ಬೂದುಬಣ್ಣದ ಜುಬಿಲಿ ಲೈನಿನಲ್ಲಿ ವೆಸ್ಟ್‌ಮಿನ್‌ಸ್ಟರ್‌ನಿಂದ ಸ್ಟ್ರ್ಯಾಟ್‌ಫರ್ಡ್‌ವರೆಗಿನ ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ. ಕಿಂಗ್ಸ್ ಕ್ರಾಸ್, ಗ್ರೀನ್ ಪಾರ್ಕ್, ಟಾಟನಮ್ ಕೋರ್ಟ್ ರೋಡ್ ಕೂಡ ಸರಿ.

ಕಾವೆಂಟ್ ಗಾರ್ಡನ್‌ಗೆ ರೈಲಿನಲ್ಲಿ ಕರೆದೊಯ್ಯಬೇಡಿ. ಅಲ್ಲಿ ಎಸ್ಕಲೇಟರ್ ಇಲ್ಲ. ಲಿಫ್ಟ್ ಮುಂದಿನ ನೂಕುನುಗ್ಗಲು ನೋಡಿ ಮೆಟ್ಟಿಲ ಕಡೆ ತಿರುಗಿದವರಿಗೆ ಸುತ್ತುಸುತ್ತಾದ 193 ಮೆಟ್ಟಿಲು, ನಡುವೆ ಹಿಂದಿರುಗಲೂ ಮನಸ್ಸು ಬಾರದು. ಪಕ್ಕದ ಲೆಸ್ಟರ್ ಸ್ಕ್ವೇರ್‌ಗೂ ಅದಕ್ಕೂ ಹಳಿಯ ಮೇಲಿನ ದೂರ 260 ಮೀಟರ್ ಅಷ್ಟೇ. ನಕ್ಷೆ ನೋಡಿದರೆ ಅದು ಗೊತ್ತಾಗುವುದಿಲ್ಲ. ಹ್ಯಾರಿ ಬೆಕ್ ರೂಪಿಸಿ 1933ರಲ್ಲಿ ಪ್ರಕಟವಾದ ಆ ಮಾದರಿಯ ನಕ್ಷೆ ಯಾವ ನಿಲ್ದಾಣದ ಮುಂದೆ ಯಾವುದು ಎಂದು ಹೇಳುತ್ತದೆ, ಎಷ್ಟು ದೂರ ಎಂದು ಹೇಳುವುದಿಲ್ಲ. ಬೇಸ್‌ವಾಟರ್ ಮತ್ತು ಕ್ವೀನ್ಸ್‌ವೇ ಒಂದೇ ಬೀದಿಯಲ್ಲಿವೆ. ಚೇರಿಂಗ್ ಕ್ರಾಸ್‌ನಿಂದ ಎಂಬ್ಯಾಂಕ್‌ಮೆಂಟ್‌ಗೆ ಐದು ನಿಮಿಷದ ನಡಿಗೆ. ಇಂಥಲ್ಲಿ ಎರಡು ರೈಲು ಬದಲಿಸುವವರನ್ನು ಕಂಡರೆ ಮರುಕವಾಗುತ್ತದೆ.

ಎಸ್ಕಲೇಟರ್ ಮೇಲೆ ತಾಯಿಯವರನ್ನು ಬಲಬದಿಗೆ ನಿಲ್ಲಿಸಿ, ನೀವು ಅವರ ಪಕ್ಕದಲ್ಲಲ್ಲ, ಒಂದು ಮೆಟ್ಟಿಲು ಹಿಂದೆ ನಿಲ್ಲಿ. ಎಡಬದಿ ಅವಸರದಲ್ಲಿ ನಡೆಯುವವರಿಗೆ.

ನಿಜ ಹೇಳಬೇಕೆಂದರೆ ಅವರಿಗೆ ಬಸ್ಸೇ ಒಳ್ಳೆಯದು. ಎಲ್ಲ ಬಸ್ಸುಗಳೂ ತಗ್ಗು ನೆಲದವು, ಮೆಟ್ಟಿಲಿಲ್ಲದೆ ಹತ್ತಬಹುದು.

ಪ್ರಶ್ನೆ: ಬಸ್ಸಿನಲ್ಲಿ ಕಂಡಕ್ಟರ್ ಇರುತ್ತಾರೆಯೇ? ಚಿಲ್ಲರೆ ಬೇಕೇ? — ಕಲಬುರಗಿಯಿಂದ

ಕಂಡಕ್ಟರ್ ಇಲ್ಲ, 2014ರ ಜುಲೈನಿಂದ ನಗದನ್ನೂ ತೆಗೆದುಕೊಳ್ಳುವುದಿಲ್ಲ. ಬಸ್ಸು ಬಂದಾಗ ಕೈ ತೋರಿಸಿ, ಮುಂದಿನ ಬಾಗಿಲಿನಿಂದ ಹತ್ತಿ ಚಾಲಕರ ಪಕ್ಕದ ಯಂತ್ರಕ್ಕೆ ಕಾರ್ಡ್ ಮುಟ್ಟಿಸಿ. ಇಳಿಯುವಾಗ ಮುಟ್ಟಿಸಬಾರದು, ರೈಲಿಗೂ ಬಸ್ಸಿಗೂ ಇರುವ ವ್ಯತ್ಯಾಸ ಇದೇ. ದರ ಎಷ್ಟು ದೂರಕ್ಕಾದರೂ 1.75 ಪೌಂಡ್. ಮೊದಲು ಮುಟ್ಟಿಸಿದ ಒಂದು ಗಂಟೆಯೊಳಗೆ ಮತ್ತೆ ಎಷ್ಟು ಬಸ್ಸು ಹತ್ತಿದರೂ ಅಷ್ಟೇ, ಪ್ರತಿ ಬಸ್ಸಿನಲ್ಲೂ ಅದೇ ಕಾರ್ಡನ್ನು ಮುಟ್ಟಿಸಿದರಾಯಿತು. ಬಸ್ಸಿನಲ್ಲೇ ಸುತ್ತಿದರೆ ದಿನದ ಮಿತಿ 5.25.

ಒಂದೇ ವೃತ್ತದ ಸುತ್ತ ಹತ್ತು ತಂಗುದಾಣಗಳಿರಬಹುದು. ಪ್ರತಿ ಕಂಬದ ತುದಿಯಲ್ಲಿ ಕೆಂಪು ಬಿಲ್ಲೆಯ ಮೇಲೆ ಒಂದೋ ಎರಡೋ ಅಕ್ಷರ ಇರುತ್ತದೆ. ನಿಮ್ಮ ಬಸ್ಸು ಯಾವ ಅಕ್ಷರದ ಕಂಬಕ್ಕೆ ಬರುತ್ತದೆಂದು ನೋಡಿ ಅಲ್ಲಿಗೇ ಹೋಗಿ. ಊರು ನೋಡಲು ಟ್ರಫಾಲ್ಗರ್ ಸ್ಕ್ವೇರ್‌ನಿಂದ 15ನೇ ನಂಬರಿನ ಬಸ್ಸು ಹಿಡಿದು ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕುಳಿತರೆ ಸೇಂಟ್ ಪಾಲ್ಸ್ ಚರ್ಚಿನ ಮುಂದಿನಿಂದ ಟವರ್ ಆಫ್ ಲಂಡನ್ ಕೋಟೆಯವರೆಗೂ ಹೋಗುತ್ತದೆ. ಪ್ರವಾಸಿ ಬಸ್ಸಿಗೆ ಹತ್ತಾರು ಪೌಂಡ್ ಕೊಡುವುದಕ್ಕಿಂತ ಇದು ಎಷ್ಟೋ ಮೇಲು.

ಪ್ರಶ್ನೆ: ಲಂಡನ್ನಿನ ಬಸವಣ್ಣನವರ ಪುತ್ಥಳಿ ನೋಡಬೇಕು. ಹತ್ತಿರದ ನಿಲ್ದಾಣ ಯಾವುದು? — ಬಸವಕಲ್ಯಾಣದಿಂದ

2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದ ಪುತ್ಥಳಿ ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿದೆ. ಹೆಸರು ನೋಡಿ ಎಂಬ್ಯಾಂಕ್‌ಮೆಂಟ್ ಎಂಬ ಸುರಂಗ ರೈಲು ನಿಲ್ದಾಣಕ್ಕೆ ಹೋಗಬೇಡಿ. ಅದು ನದಿಯ ಎದುರು ದಂಡೆಯ ಬೇರೆ ಜಾಗ.

ವೆಸ್ಟ್‌ಮಿನ್‌ಸ್ಟರ್ ನಿಲ್ದಾಣದಲ್ಲಿ ಇಳಿದು ಸೇತುವೆ ದಾಟಿ. ದಾಟಿದ ಕೂಡಲೇ ಬಲಕ್ಕೆ, ಸೇಂಟ್ ಥಾಮಸ್ ಆಸ್ಪತ್ರೆಯ ಮಗ್ಗುಲಲ್ಲಿ ನದಿಯಂಚಿನ ದಾರಿಗೆ ಇಳಿಯಿರಿ. ಎಡಗೈಗೆ ಉದ್ದಕ್ಕೂ ಕೆಂಪು ಹೃದಯಗಳನ್ನು ಬರೆದ ಗೋಡೆ ಸಿಗುತ್ತದೆ, ಕೋವಿಡ್‌ನಲ್ಲಿ ತೀರಿಕೊಂಡವರ ನೆನಪಿನದು. ಬಲಗೈಗೆ ನೀರಿನಾಚೆ ಪಾರ್ಲಿಮೆಂಟ್. ಮುಂದೆ ಲ್ಯಾಂಬೆತ್ ಸೇತುವೆ ಬರುತ್ತದೆ, ಅಲ್ಲಿನ ರಸ್ತೆ ದಾಟಿ ನದಿಯ ಬದಿಯಲ್ಲೇ ಮುಂದುವರಿದರೆ ಬಸವಣ್ಣನವರು ಸಿಗುತ್ತಾರೆ. ಒಟ್ಟು ಇಪ್ಪತ್ತು ನಿಮಿಷದ ಸಮತಟ್ಟಾದ ನಡಿಗೆ. ನಡೆಯಲಾಗದವರು ವಾಟರ್‌ಲೂ ಕಡೆಯಿಂದ 77ನೇ ನಂಬರಿನ ಬಸ್ಸು ಹಿಡಿದು ಲ್ಯಾಂಬೆತ್ ಸೇತುವೆಯ ಬಳಿ ಇಳಿಯಬಹುದು.

ಪ್ರಶ್ನೆ: ಹಿಂದಿರುಗುವಾಗ ಪಿಕ್ಯಾಡಿಲಿ ಲೈನಿನಲ್ಲೇ ಹೀಥ್ರೋಗೆ ಹೊರಟರೆ ವಿಮಾನ ತಪ್ಪುವ ಭಯವಿಲ್ಲವೇ? ನಮ್ಮದು ಟರ್ಮಿನಲ್ 5. — ಬೆಳಗಾವಿಯಿಂದ

ಸರಿಯಾದ ರೈಲು ಹತ್ತಿದರೆ ಭಯವಿಲ್ಲ. ಪ್ಲಾಟ್‌ಫಾರ್ಮಿಗೆ ಬರುವ ಪಶ್ಚಿಮ ದಿಕ್ಕಿನ ರೈಲುಗಳೆಲ್ಲ ಹೀಥ್ರೋಗೆ ಹೋಗುವುದಿಲ್ಲ. ಆ್ಯಕ್ಟನ್ ಟೌನ್‌ನಲ್ಲಿ ಲೈನು ಕವಲೊಡೆದು ಒಂದು ಅಕ್ಸ್‌ಬ್ರಿಜ್ ಕಡೆಗೆ ಹೊರಳುತ್ತದೆ. ಪ್ಲಾಟ್‌ಫಾರ್ಮಿನ ಬೋರ್ಡು ಮತ್ತು ರೈಲಿನ ಹಣೆಯ ಮೇಲಿನ ಹೆಸರು ಎರಡನ್ನೂ ಓದಿ. ತಪ್ಪಿ ಹತ್ತಿದ್ದರೆ ಗಾಬರಿ ಬೇಡ, ಆ್ಯಕ್ಟನ್ ಟೌನ್‌ನಲ್ಲಿ ಇಳಿದು ಹೀಥ್ರೋ ರೈಲಿಗೆ ಕಾಯಿರಿ.

ಎರಡನೆಯ ಕವಲು ಹ್ಯಾಟನ್ ಕ್ರಾಸ್ ದಾಟಿದ ಮೇಲೆ. ಒಂದು ಬಗೆಯ ರೈಲು ಟರ್ಮಿನಲ್ 2-3 ಮುಟ್ಟಿ 5ಕ್ಕೆ ಹೋಗುತ್ತದೆ. ಇನ್ನೊಂದು ಮೊದಲು 4ಕ್ಕೆ ಹೋಗಿ, ಅಲ್ಲಿ ಕೆಲವು ನಿಮಿಷ ನಿಂತು, ಸುತ್ತು ಹಾಕಿ 2-3ಕ್ಕೆ ಬಂದು ಊರಿಗೆ ತಿರುಗುತ್ತದೆ, 5ನ್ನು ಮುಟ್ಟುವುದೇ ಇಲ್ಲ. ನಿಮ್ಮದು ಅದಾಗಿದ್ದರೆ ಹ್ಯಾಟನ್ ಕ್ರಾಸ್‌ನಲ್ಲಿ ಇಳಿದು, ಹಿಂದೆ ಬರುವ ಟರ್ಮಿನಲ್ 5ರ ರೈಲು ಹಿಡಿಯಿರಿ. ಟರ್ಮಿನಲ್‌ಗಳ ನಡುವೆ ರೈಲು ಉಚಿತ, ಹಣದ ಚಿಂತೆ ಬೇಡ, ಹೊತ್ತು ಮಾತ್ರ ಕೈಲಿರಬೇಕು. ಶನಿವಾರ, ಭಾನುವಾರ ಹೊರಡುವವರು ಹಿಂದಿನ ರಾತ್ರಿಯೇ ಹಳಿ ದುರಸ್ತಿಯ ಸೂಚನೆ ನೋಡಬೇಕು. ದೊಡ್ಡ ದುರಸ್ತಿಗಳನ್ನು ಅವರು ವಾರಾಂತ್ಯಕ್ಕೇ ಇಟ್ಟುಕೊಳ್ಳುತ್ತಾರೆ.

ಪ್ರಶ್ನೆ: ಕ್ರಿಸ್‌ಮಸ್ ದೀಪಾಲಂಕಾರ ನೋಡಲು ಡಿಸೆಂಬರ್ 24ರಿಂದ 27ರವರೆಗೆ ಹೋಗುವ ಯೋಚನೆ. ಸರಿಯೇ? — ಉಡುಪಿಯಿಂದ

ಡಿಸೆಂಬರ್ 25ರಂದು ಲಂಡನ್ನಿನಲ್ಲಿ ಸುರಂಗ ರೈಲೂ ಇಲ್ಲ, ಸಿಟಿ ಬಸ್ಸೂ ಇಲ್ಲ, ಇಡೀ ದಿನ ನಿಂತಿರುತ್ತವೆ. 24ರ ಸಂಜೆಯೇ ಬೇಗ ಮುಗಿಯುತ್ತವೆ, 26ರಂದು ಕಡಿಮೆ ಓಡುತ್ತವೆ. ಅದೇ ದಿನಗಳು ಬೇಕೆಂದಿದ್ದರೆ ಹೋಟೆಲನ್ನು ಟ್ರಫಾಲ್ಗರ್ ಸ್ಕ್ವೇರ್, ಲೆಸ್ಟರ್ ಸ್ಕ್ವೇರ್ ಸುತ್ತಲೇ ಹಿಡಿಯಿರಿ. ದೀಪಗಳನ್ನೆಲ್ಲ ಕಾಲ್ನಡಿಗೆಯಲ್ಲೇ ನೋಡಬಹುದು. ಇಲ್ಲವೇ ನಾಲ್ಕು ದಿನ ಮುಂಚೆ ಹೋಗಿ 23ಕ್ಕೆ ಹೊರಟುಬಿಡಿ. ದೀಪಗಳು ನವೆಂಬರ್‌ನಲ್ಲೇ ಹೊತ್ತಿರುತ್ತವೆ.